2, 4, 8 ಆದಮೇಲೆ 14 ಏಕಾಗಬಾರದು?

ಕೆಳಗಿನ ಪ್ರಶ್ನೆಯನ್ನು ನೋಡಿ.

2, 4, 8, ..... ಮುಂದಿನ ಸಂಖ್ಯೆ ಯಾವುದು?

ನೀವು ಶಿಕ್ಷಕರಾಗಿದ್ದರೆ ಇಂಥ ಪ್ರಶ್ನೆಯನ್ನು ಎಷ್ಟೋ ಬಾರಿ ಕೊಟ್ಟಿರುತ್ತೀರಿ. ವಿದ್ಯಾರ್ಥಿಯಾಗಿದ್ದರೆ ಅಷ್ಟೇ ಬಾರಿ ಉತ್ತರಿಸಿರುತ್ತೀರಿ. 16 ಎಂದು ಹೇಳಲು ಯೋಚನೆಯೇ ಬೇಕಾಗಿಲ್ಲ. ಪ್ರತಿ ಸಂಖ್ಯೆಯೂ ಹಿಂದಿನದರ ಎರಡರಷ್ಟು ಇದೆ. 8ರ ಎರಡರಷ್ಟು 16.

ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಎನ್‌ಎಂಎಂಎಸ್ ಪರೀಕ್ಷೆಯ ಅಭ್ಯಾಸ ಮಾಡಿಸುವಾಗ ನಾನೂ ಈ ಪ್ರಶ್ನೆಯನ್ನು ಕೊಟ್ಟಿದ್ದೆ. 2008ರಲ್ಲಿ ಆರಂಭವಾದ ಈ ವಿದ್ಯಾರ್ಥಿವೇತನ ಯೋಜನೆಯ ಪರೀಕ್ಷೆಯಲ್ಲಿ ಬೌದ್ಧಿಕ ಸಾಮರ್ಥ್ಯದ ಒಂದು ಪತ್ರಿಕೆ ಇದೆ. ಅದರಲ್ಲಿ 90 ಪ್ರಶ್ನೆಗಳು. ಸಂಖ್ಯಾಸರಣಿಗಳಿಲ್ಲದೆ ಆ ಪತ್ರಿಕೆ ಮುಗಿಯುವುದಿಲ್ಲ. ಬಡ ಮನೆಯ ಮಗುವಿಗೆ ಅದು ಆಟವಲ್ಲ, ಮುಂದಿನ ನಾಲ್ಕು ವರ್ಷದ ಓದಿನ ಖರ್ಚು. ಆದ್ದರಿಂದ ನಾವೆಲ್ಲ ಮಾಡುವಂತೆ ನಾನೂ ಸರಣಿಗಳನ್ನು ಸಾಲಾಗಿ ಬರೆದು, ಆಯ್ಕೆಗಳನ್ನು ಕೊಡದೆ, ಬೇಗ ಬೇಗ ಉತ್ತರ ಬರೆಯಲು ಹೇಳಿದ್ದೆ.

ಒಬ್ಬ ಹುಡುಗಿ 14 ಎಂದು ಬರೆದಿದ್ದಳು. ಕೆಂಪು ಶಾಯಿಯಲ್ಲಿ ಗೀಟು ಹಾಕಿದೆ. ಪತ್ರಿಕೆ ಹಂಚಿದ ಮೇಲೆ ಅವಳು ನನ್ನ ಮೇಜಿನ ಬಳಿ ಬಂದು ನಿಂತಳು.

"ಹದಿನಾಲ್ಕು ಹೆಂಗ್ ಬಂತವ್ವಾ?" ಎಂದೆ.

"ಮೊದ್ಲು ಎರಡು ಕೂಡ್ದೆ, ಆಮೇಲೆ ನಾಕು ಕೂಡ್ದೆ ಸಾ. ಇನ್ನು ಆರು ತಾನೆ ಕೂಡ್ಬೇಕು?"

"ಹಂಗಲ್ಲ, ಇಲ್ಲಿ ಎರಡರಿಂದ ಗುಣಿಸ್ತಾ ಹೋಗ್ಬೇಕು."

"ಹಂಗಂತ ಎಲ್ಲಿ ಬರ್ದದೆ ಸಾ?"

ಎಲ್ಲೂ ಬರೆದಿರಲಿಲ್ಲ. ಬರೆದವನು ನಾನೇ, ನನಗೂ ಅದು ಹೊಳೆದಿರಲಿಲ್ಲ. ಅವಳು ತಪ್ಪು ಮಾಡಿರಲಿಲ್ಲ. ಪ್ರಶ್ನೆಯೇ ಅರ್ಧವಾಗಿತ್ತು. ನಮ್ಮ ಶಾಲೆಗಳಲ್ಲಿ 'ಬೆಳೆಯುವ ವಿನ್ಯಾಸ'ಗಳನ್ನು ಕಲಿಸುವ ರೀತಿಯಲ್ಲಿ ಈ ಅರ್ಧತನ ಎಲ್ಲಿಂದ ಬಂದಿದೆ, ಅದರಿಂದ ಏನು ನಷ್ಟವಾಗುತ್ತಿದೆ ಎಂಬುದನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಆ ಹುಡುಗಿಯ 14ಕ್ಕೆ ನ್ಯಾಯ ಸಲ್ಲಿಸೋಣ. ಇದಕ್ಕೆ ಬೇಕಾದ್ದು ಒಂದು ಬಳೆ ಮತ್ತು ಸೀಮೆಸುಣ್ಣ. ಬಳೆಯನ್ನು ನೆಲದ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ. ನೆಲ ಎರಡು ಭಾಗವಾಯಿತು: ಬಳೆಯ ಒಳಗು ಮತ್ತು ಹೊರಗು. ಬಳೆಯನ್ನು ಸ್ವಲ್ಪ ಸರಿಸಿ, ಮೊದಲಿನ ವೃತ್ತವನ್ನು ಅಡ್ಡ ಹಾಯುವಂತೆ ಇನ್ನೊಂದು ಎಳೆಯಿರಿ. ಈಗ ನಾಲ್ಕು ಭಾಗ: ಮೊದಲನೆಯದರಲ್ಲಿ ಮಾತ್ರ ಇರುವುದು, ಎರಡನೆಯದರಲ್ಲಿ ಮಾತ್ರ ಇರುವುದು, ಎರಡರಲ್ಲೂ ಇರುವುದು, ಎರಡರಿಂದಲೂ ಹೊರಗಿರುವುದು. ಮೂರನೆಯ ವೃತ್ತವನ್ನು ಮೊದಲ ಎರಡನ್ನೂ ಛೇದಿಸುವಂತೆ ಎಳೆದರೆ ಎಂಟು ಭಾಗ ಸಿಗುತ್ತವೆ. ಇದು ನಿಮಗೆ ಗೊತ್ತಿರುವ ವೆನ್ ಚಿತ್ರವೇ. 2, 4, 8. ನಾಲ್ಕನೆಯ ವೃತ್ತ ಎಳೆದರೆ?

ಎಳೆದು ಎಣಿಸಿ. ಅಂದಾಜಿನಲ್ಲಿ ಎಳೆದರೆ ಸಣ್ಣ ಭಾಗಗಳು ಕಣ್ಣಿಗೆ ಬೀಳದೆ ಹೋಗಬಹುದು. ಆದ್ದರಿಂದ ಬಳೆಯ ತ್ರಿಜ್ಯದಷ್ಟೇ ಬಾಹುವಿರುವ ಒಂದು ಚೌಕವನ್ನು ಗುರುತು ಮಾಡಿಕೊಂಡು, ಅದರ ನಾಲ್ಕು ಮೂಲೆಗಳಲ್ಲಿ ಬಳೆಯ ಕೇಂದ್ರ ಬರುವಂತೆ ಇಟ್ಟು ಗೀರಿ. ಭಾಗಗಳು 14 ಇರುತ್ತವೆ, ಹೊರಗಿನ ಬಯಲೂ ಸೇರಿ. ಹೇಗೆ ಸರಿಸಿದರೂ 16 ಸಿಗುವುದಿಲ್ಲ.

ಏಕೆ? ನಾಲ್ಕನೆಯ ವೃತ್ತವು ಮೊದಲಿದ್ದ ಮೂರರಲ್ಲಿ ಒಂದೊಂದನ್ನೂ ಹೆಚ್ಚೆಂದರೆ ಎರಡು ಬಿಂದುಗಳಲ್ಲಿ ಛೇದಿಸಬಲ್ಲದು. ಒಟ್ಟು ಆರು ಬಿಂದುಗಳು. ಅವು ನಾಲ್ಕನೆಯ ವೃತ್ತವನ್ನು ಆರು ಕಂಸಗಳಾಗಿ ತುಂಡರಿಸುತ್ತವೆ. ಒಂದೊಂದು ಕಂಸವೂ ಹಳೆಯ ಒಂದು ಭಾಗವನ್ನು ಹಾದುಹೋಗಿ ಅದನ್ನು ಇಬ್ಭಾಗ ಮಾಡುತ್ತದೆ. ಹಾಗಾಗಿ ಆರು ಭಾಗಗಳು ಹೆಚ್ಚುತ್ತವೆ: 8 + 6 = 14. ಇದೇ ಲೆಕ್ಕದಲ್ಲಿ ಎರಡನೆಯ ವೃತ್ತ 2 ಭಾಗಗಳನ್ನು ಸೇರಿಸಿತ್ತು, ಮೂರನೆಯದು 4. ಹುಡುಗಿ ಹೇಳಿದ್ದು ಇದನ್ನೇ: ಎರಡು ಕೂಡ್ದೆ, ನಾಕು ಕೂಡ್ದೆ, ಇನ್ನು ಆರು. ಐದನೆಯ ಬಳೆಗೆ ಎಷ್ಟಾಗುತ್ತದೆಂದು ಈಗ ಎಳೆಯದೆಯೇ ಹೇಳಬಹುದು. ಅಂದಹಾಗೆ, ನಾಲ್ಕು ಗಣಗಳ ವೆನ್ ಚಿತ್ರವನ್ನು ವೃತ್ತಗಳಿಂದ ಬರೆಯಲು ಆಗದಿರುವುದಕ್ಕೂ ಕಾರಣ ಇದೇ. ಅಲ್ಲಿ 16 ಭಾಗಗಳು ಬೇಕು. ಜಾನ್ ವೆನ್ 1880ರಲ್ಲಿ ನಾಲ್ಕು ಗಣಗಳಿಗೆ ದೀರ್ಘವೃತ್ತಗಳನ್ನು ಬಳಸಬೇಕಾಯಿತು.

ಹಾಗಾದರೆ 16 ತಪ್ಪೇ? ಅಲ್ಲ. ಒಂದು ಹಳೆಯ ದಿನಪತ್ರಿಕೆಯ ಹಾಳೆ ತೆಗೆದುಕೊಂಡು ಮಡಿಸಿ. ಒಂದು ಮಡಿಕೆಗೆ 2 ಪದರ, ಎರಡಕ್ಕೆ 4, ಮೂರಕ್ಕೆ 8, ನಾಲ್ಕಕ್ಕೆ 16. ಇಲ್ಲಿ ಎರಡರಷ್ಟಾಗಲು ಕಾರಣವಿದೆ: ಪ್ರತಿ ಮಡಿಕೆಯೂ ಇರುವ ಎಲ್ಲ ಪದರಗಳನ್ನೂ ಇಮ್ಮಡಿ ಮಾಡುತ್ತದೆ. ಕಾಗದ ಮಡಿಸಿದರೆ 16, ಬಳೆ ಗೀರಿದರೆ 14. ಮೊದಲ ಮೂರು ಸಂಖ್ಯೆಗಳು ಎರಡರಲ್ಲೂ ಅವೇ. 2, 4, 8 ಎಂಬ ಅಂಕಿಗಳನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಮುಂದಿನದು ಯಾವುದೆಂದು ತಿಳಿಯುವುದಿಲ್ಲ. ಅವುಗಳನ್ನು ಹುಟ್ಟಿಸಿದ ಕೆಲಸ ಯಾವುದೆಂದು ಗೊತ್ತಾದರೆ ಮಾತ್ರ ತಿಳಿಯುತ್ತದೆ.

ವಿಜ್ಞಾನದ ವಿದ್ಯಾರ್ಥಿಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಸ್ಥಾನವನ್ನು 'ನ' ಎನ್ನೋಣ. 2ರ ನ-ನೆಯ ಘಾತಕ್ಕೆ 14(ನ − 1)(ನ − 2)(ನ − 3) ಎಂಬುದನ್ನು ಕೂಡಿಸಿ. ನ = 1, 2, 3 ಆದಾಗ ಎರಡನೆಯ ಪದ ಸೊನ್ನೆಯಾಗುತ್ತದೆ; ಆದ್ದರಿಂದ 2, 4, 8 ಹಾಗೆಯೇ ಬರುತ್ತವೆ. ನ = 4 ಆದಾಗ 16 + 14 × 3 × 2 × 1 = 100. ಆ 14ರ ಜಾಗದಲ್ಲಿ ಬೇರೆ ಸಂಖ್ಯೆ ಇಟ್ಟರೆ 100ರ ಬದಲು ನಿಮಗಿಷ್ಟ ಬಂದ ಸಂಖ್ಯೆಯನ್ನು ತರಿಸಬಹುದು. ಅಂದರೆ ನಿಯಮವನ್ನಾಗಲಿ ಚಿತ್ರವನ್ನಾಗಲಿ ಕೊಡದೆ ಮುಂದಿನ ಸಂಖ್ಯೆ ಕೇಳಿದಾಗ, ಎಲ್ಲ ಉತ್ತರಗಳೂ ಸರಿ. ಪ್ರಶ್ನೆ ಕೇಳಿದವರ ಮನಸ್ಸಿನಲ್ಲಿರುವುದನ್ನು ಊಹಿಸಿದವರಿಗೆ ಅಂಕ ಸಿಗುತ್ತದೆ, ಅಷ್ಟೇ.

ಇನ್ನು ನಮ್ಮ ಪುಸ್ತಕಗಳ ವಿಷಯಕ್ಕೆ ಬರುತ್ತೇನೆ. ಪ್ರಾಥಮಿಕ ತರಗತಿಗಳ ಗಣಿತದಲ್ಲಿ 'ವಿನ್ಯಾಸಗಳು' ಎಂಬ ಪಾಠ ಇರುವುದನ್ನು ನೀವು ಬಲ್ಲಿರಿ. ತೊಂದರೆ ಈ ಹೆಸರಿನಿಂದಲೇ ಶುರುವಾಗುತ್ತದೆ. ಸೀರೆಯ ಅಂಚಿನದೂ ವಿನ್ಯಾಸ, ಕೆಂಪು-ನೀಲಿ-ಕೆಂಪು-ನೀಲಿ ಮಣಿಗಳದೂ ವಿನ್ಯಾಸ, 1, 3, 6, 10 ಎಂಬುದೂ ವಿನ್ಯಾಸ. ಆದರೆ ಇವು ಬೇರೆ ಬೇರೆ ಬಗೆಯವು. ಕಿಕ್ಕೇರಿಯ ಮಕ್ಕಳನ್ನು ನಮ್ಮದೇ ತಾಲ್ಲೂಕಿನ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯಕ್ಕೆ ಕರೆದುಕೊಂಡು ಹೋದರೆ, ಗೋಡೆಯ ಕೆಳಪಟ್ಟಿಕೆಗಳಲ್ಲಿ ಆನೆಯ ಹಿಂದೆ ಆನೆ, ಕುದುರೆಯ ಹಿಂದೆ ಕುದುರೆ, ಹಂಸದ ಹಿಂದೆ ಹಂಸ ಕಾಣುತ್ತವೆ. ಅದು ಮರುಕಳಿಸುವ ವಿನ್ಯಾಸ. ಮುಂದೇನು ಬರುತ್ತದೆ ಎಂದು ಕೇಳಿದರೆ "ಇನ್ನೊಂದು ಆನೆ" ಎನ್ನುವುದೇ ಸಾಕು. ಬೆಳೆಯುವ ವಿನ್ಯಾಸದಲ್ಲಿ ಪ್ರತಿ ಹಂತವೂ ಹಿಂದಿನದಕ್ಕಿಂತ ದೊಡ್ಡದು. ಅಲ್ಲಿ ಕೇಳಬೇಕಾದ್ದು "ಎಷ್ಟು ಹೆಚ್ಚಿತು, ಎಲ್ಲಿ ಹೆಚ್ಚಿತು, ಏಕೆ ಅಷ್ಟೇ ಹೆಚ್ಚಿತು" ಎಂದು. ಎರಡನ್ನೂ ಒಂದೇ ಹೆಸರಿನಡಿ ಇಟ್ಟಾಗ ಮಗು ಆನೆಯ ಸಾಲಿನ ಪ್ರಶ್ನೆಯನ್ನೇ ಸಂಖ್ಯೆಗಳ ಸಾಲಿಗೂ ಹಚ್ಚುತ್ತದೆ: ಮುಂದೇನು? "ವಿನ್ಯಾಸಗಳು ಎಲ್ಲೆಲ್ಲೂ ಇವೆ" ಎಂದು ಹೇಳಿ ಮಕ್ಕಳನ್ನು ದೇವಾಲಯದ ಸುತ್ತ ತಿರುಗಿಸಿ ಕರೆತರುವ ನಮ್ಮ ಅಭ್ಯಾಸದಿಂದ ಗಣಿತಕ್ಕೆ ಏನೂ ಸಿಕ್ಕಿಲ್ಲ ಎಂದು ನನ್ನ ಅನುಭವ. ಬುತ್ತಿಯ ಊಟ ಮಾತ್ರ ಚೆನ್ನಾಗಿರುತ್ತದೆ.

ಮೇಲಿನ ತರಗತಿಗೆ ಬಂದರೆ, ಎನ್‌ಸಿಇಆರ್‌ಟಿ 2006ರಲ್ಲಿ ಹೊರತಂದ ಆರನೆಯ ತರಗತಿಯ ಗಣಿತ ಪುಸ್ತಕ ಬೀಜಗಣಿತವನ್ನು ಬೆಂಕಿಕಡ್ಡಿಗಳ ವಿನ್ಯಾಸದಿಂದ ಆರಂಭಿಸಿತು. ಮುಂದೆ ಅದರ ಕನ್ನಡ ರೂಪ ನಮ್ಮ ಶಾಲೆಗಳಿಗೂ ಬಂತು. ಅಕ್ಷರವನ್ನು ಸೂತ್ರವಾಗಿ ಹೇರುವ ಬದಲು ಕಡ್ಡಿ ಜೋಡಿಸಿ ಹುಟ್ಟಿಸುವುದು ಬಹಳ ಒಳ್ಳೆಯ ಆಲೋಚನೆ. ಹಿಂದಿನ ಪುಸ್ತಕಗಳಿಂದ ಕಲಿಸಿದವರಿಗೆ ಇದರ ಬೆಲೆ ಗೊತ್ತು. ಆದರೆ ಆರಿಸಿಕೊಂಡ ಮೊದಲ ಉದಾಹರಣೆ ನೋಡಿ: ಇಂಗ್ಲಿಷಿನ 'ಎಲ್' ಅಕ್ಷರ. ಒಂದು 'ಎಲ್'ಗೆ 2 ಕಡ್ಡಿ, ಎರಡಕ್ಕೆ 4, ಮೂರಕ್ಕೆ 6, 'ನ' ಅಕ್ಷರಗಳಿಗೆ 2ನ. ಇಲ್ಲಿ ಏನೂ ಬೆಳೆಯುತ್ತಿಲ್ಲ. ಒಂದರ ಪಕ್ಕ ಇನ್ನೊಂದು ಇಡುತ್ತಿದ್ದೇವೆ. ಎರಡರ ಮಗ್ಗಿ ಹೇಳುತ್ತಿದ್ದೇವೆ. ಅಭ್ಯಾಸದ ಮೊದಲ ಲೆಕ್ಕಗಳಲ್ಲೂ ಇಂಥವೇ ಬಿಡಿ ಅಕ್ಷರಗಳು: 2ನ, 3ನ, 5ನ, 6ನ. ಮಗುವಿಗೆ 'ನ' ಎಂಬುದು ಮಗ್ಗಿಯ ಪಕ್ಕದಲ್ಲಿ ಬರೆಯುವ ಒಂದು ಗುರುತಾಗಿ ಉಳಿದುಬಿಡುತ್ತದೆ.

ನಿಜವಾಗಿ ಬೆಳೆಯುವ ಉದಾಹರಣೆ ಅದೇ ಅಭ್ಯಾಸದಲ್ಲಿ ಹನ್ನೊಂದನೆಯ ಲೆಕ್ಕವಾಗಿ ಅಡಗಿ ಕುಳಿತಿದೆ. ಚೌಕಗಳ ಸಾಲು, ಅಕ್ಕಪಕ್ಕದ ಎರಡು ಚೌಕಗಳಿಗೆ ನಡುವೆ ಒಂದೇ ಕಡ್ಡಿ. ಎಷ್ಟು ಶಿಕ್ಷಕರು ಹನ್ನೊಂದನೆಯ ಲೆಕ್ಕದವರೆಗೆ ಹೋಗುತ್ತಾರೆ ಎಂಬುದನ್ನು ನೀವೇ ಹೇಳಬೇಕು. ಹೋದವರಿಗೂ ಅಲ್ಲೊಂದು ಸುಳಿವು ಕಾದಿರುತ್ತದೆ: ಕೊನೆಯ ನಿಂತ ಕಡ್ಡಿಯನ್ನು ತೆಗೆದರೆ ಇಂಗ್ಲಿಷಿನ 'ಸಿ' ಅಕ್ಷರಗಳ ಸಾಲು ಸಿಗುತ್ತದೆ ಎಂದು. ಮಗು ಕಂಡುಕೊಳ್ಳಬೇಕಾದ್ದನ್ನು ಪುಸ್ತಕವೇ ಹೇಳಿಬಿಟ್ಟಿತು. ಅದಕ್ಕಿಂತ ಹೆಚ್ಚಿನ ನಷ್ಟವೆಂದರೆ, ನೋಡುವ ದಾರಿ ಇದೊಂದೇ ಎಂಬ ಭಾವನೆ ಬರುತ್ತದೆ.

ಸುಳಿವನ್ನು ಮುಚ್ಚಿಟ್ಟು ತರಗತಿಯಲ್ಲಿ ಮಾಡಿಸಿ ನೋಡಿ. ಬೆಂಕಿಕಡ್ಡಿ ಬೇಕಿಲ್ಲ, ನಮ್ಮ ಕಡೆ ತೆಂಗಿನ ಗರಿಗೆ ಬರವಿಲ್ಲ, ಹಂಚಿಕಡ್ಡಿಯನ್ನು ಒಂದೇ ಅಳತೆಗೆ ಮುರಿದುಕೊಂಡರೆ ಸಾಕು. ಹತ್ತು ಚೌಕಗಳ ಸಾಲಿಗೆ ಎಷ್ಟು ಕಡ್ಡಿ ಬೇಕು? ಎಲ್ಲವನ್ನೂ ಜೋಡಿಸದೆ ಹೇಳಬೇಕು, ಹೇಗೆ ಎಣಿಸಿದೆ ಎಂದೂ ಹೇಳಬೇಕು. ನಾನು ಮಾಡಿಸಿದಾಗ ನಾಲ್ಕು ಬಗೆಯ ಎಣಿಕೆಗಳು ಬಂದವು. ಮೊದಲು ಒಂದು ಕಡ್ಡಿ ನಿಲ್ಲಿಸಿ, ಆಮೇಲೆ ಪ್ರತಿ ಚೌಕಕ್ಕೆ ಮೂರು ಎಂದವರು: 1 + 3ನ. ಮೊದಲ ಚೌಕಕ್ಕೆ ನಾಲ್ಕು, ಮಿಕ್ಕವಕ್ಕೆ ಮೂರು ಮೂರು ಎಂದವರು: 4 + 3(ನ − 1). ಮೇಲೆ ಹತ್ತು, ಕೆಳಗೆ ಹತ್ತು, ನಿಂತವು ಹನ್ನೊಂದು ಎಂದವರು: 2ನ + (ನ + 1). ಎಲ್ಲ ಚೌಕಗಳಿಗೂ ನಾಲ್ಕು ನಾಲ್ಕು ಲೆಕ್ಕ ಹಾಕಿ, ಎರಡು ಸಲ ಎಣಿಸಿದ ಒಂಬತ್ತನ್ನು ಕಳೆದವರು: 4ನ − (ನ − 1).

ನಾಲ್ಕು ಗುಂಪುಗಳಿಗೂ 31 ಬಂತು. ನಾಲ್ಕೂ ಬೇರೆ ಬೇರೆ ರೂಪ, ಒಂದೇ ಬೆಲೆ. ಆವರಣ ಬಿಡಿಸುವುದು, ಸಜಾತಿ ಪದಗಳನ್ನು ಕೂಡುವುದು ಎಂದು ಏಳನೆಯ ತರಗತಿಯಲ್ಲಿ ನಾವು ಕಲಿಸುವ ನಿಯಮಗಳು ಏಕೆ ಬೇಕು ಎಂಬ ಪ್ರಶ್ನೆಗೆ ಇಲ್ಲಿ ಉತ್ತರವಿದೆ: ನನ್ನ ಎಣಿಕೆಯೂ ನಿನ್ನ ಎಣಿಕೆಯೂ ಯಾವಾಗಲೂ ಒಂದೇ ಆಗುತ್ತವೆಯೇ ಎಂದು, ಕಡ್ಡಿಗಳನ್ನು ಜೋಡಿಸದೆ ತೀರ್ಮಾನಿಸಲು. ಈ ಜಗಳ ಒಮ್ಮೆಯಾದರೂ ಆಡದ ಮಗುವಿಗೆ ಬೀಜಗಣಿತ ಬರೀ ಅಕ್ಷರಗಳ ಕಸರತ್ತಾಗಿ ಕಂಡರೆ ಆಶ್ಚರ್ಯವೇನು?

ಇಲ್ಲೊಂದು ಎಚ್ಚರಿಕೆ. ನಾವು ಕಡ್ಡಿಗಳನ್ನು ಬೇಗನೆ ಪಕ್ಕಕ್ಕಿಟ್ಟು ಕೋಷ್ಟಕ ಬರೆಸುತ್ತೇವೆ. ಚೌಕಗಳು 1, 2, 3, 4. ಕಡ್ಡಿಗಳು 4, 7, 10, 13. ಕೋಷ್ಟಕ ಬಂದ ಕೂಡಲೇ ಮಗುವಿನ ಕಣ್ಣು ಕೆಳಗಿನ ಸಾಲಿನಲ್ಲಷ್ಟೇ ಓಡುತ್ತದೆ: ಮೂರು ಮೂರು ಕೂಡುತ್ತಾ ಹೋದರಾಯಿತು. ಹತ್ತನೆಯದರವರೆಗೆ ಅದು ನಡೆಯುತ್ತದೆ. ನೂರನೆಯದು ಎಷ್ಟು ಎಂದು ಕೇಳಿ. ಹತ್ತಕ್ಕೆ 31, ಆದ್ದರಿಂದ ನೂರಕ್ಕೆ 310 ಎಂಬ ಉತ್ತರ ಬರುತ್ತದೆ. ಇದನ್ನು ಅಜಾಗರೂಕತೆ ಎಂದು ಬೈಯುವ ಮೊದಲು ಎರಡು ಹತ್ತರ ಸಾಲುಗಳನ್ನು ತಂದು ಕೂಡಿಸಿ ತೋರಿಸಿ. 31 ಮತ್ತು 31 ಸೇರಿ 62. ಆದರೆ ಕೂಡುವ ಜಾಗದಲ್ಲಿ ಎರಡು ನಿಂತ ಕಡ್ಡಿಗಳು ಒಂದರ ಮೇಲೊಂದು ಬರುತ್ತವೆ, ಒಂದನ್ನು ತೆಗೆಯಬೇಕು. 61. ಹತ್ತು ಸಾಲುಗಳನ್ನು ಜೋಡಿಸಿದರೆ ಒಂಬತ್ತು ಜಾಗಗಳಲ್ಲಿ ಒಂಬತ್ತು ಕಡ್ಡಿ: 310 − 9 = 301. ತಪ್ಪು ಉತ್ತರವೇ ಸರಿಯುತ್ತರಕ್ಕೆ ದಾರಿಯಾಯಿತು. ಕೋಷ್ಟಕವೊಂದೇ ಮುಂದಿದ್ದರೆ ಇದನ್ನು ತೋರಿಸಲು ಆಗುತ್ತಿರಲಿಲ್ಲ.

ಎನ್‌ಸಿಇಆರ್‌ಟಿ 2024ರಲ್ಲಿ ತಂದ ಆರನೆಯ ತರಗತಿಯ 'ಗಣಿತ ಪ್ರಕಾಶ್' ಪುಸ್ತಕದ ಮೊದಲ ಅಧ್ಯಾಯವೇ ವಿನ್ಯಾಸಗಳ ಕುರಿತದ್ದು. ವಿನ್ಯಾಸ ಹುಡುಕುವುದಷ್ಟೇ ಅಲ್ಲ, ಅದು ಏಕೆ ಹಾಗಿದೆ ಎಂದು ವಿವರಿಸುವುದೂ ಗಣಿತದ ಕೆಲಸ ಎಂದು ಅದು ಆರಂಭದಲ್ಲೇ ಹೇಳುತ್ತದೆ. ಬೆಸ ಸಂಖ್ಯೆಗಳನ್ನು ಒಂದರಿಂದ ಕೂಡುತ್ತಾ ಹೋದರೆ ವರ್ಗಸಂಖ್ಯೆಗಳು ಏಕೆ ಬರುತ್ತವೆ ಎಂಬುದನ್ನು ಚುಕ್ಕಿಗಳ ಚಿತ್ರದಿಂದ ತೋರಿಸುತ್ತದೆ. ಇದು ದೊಡ್ಡ ಹೆಜ್ಜೆ. ಆದರೂ ನನ್ನದೊಂದು ಆಕ್ಷೇಪವಿದೆ. ಅಧ್ಯಾಯದ ಆರಂಭದಲ್ಲೇ ತ್ರಿಕೋನ ಸಂಖ್ಯೆ, ವರ್ಗ, ಘನ, ವಿರಹಾಂಕ ಸಂಖ್ಯೆ, ಎರಡರ ಘಾತ, ಮೂರರ ಘಾತ ಎಂದು ಒಂದು ಉದ್ದನೆಯ ಪಟ್ಟಿ ಬರುತ್ತದೆ. ಚಿತ್ರಗಳು ಆಮೇಲೆ. ಅಂದರೆ ಮೊದಲು ಅಂಕಿಗಳ ಸಾಲನ್ನು ನೋಡಿ ನಿಯಮ ಊಹಿಸು, ನಂತರ ಆಕಾರ ನೋಡು ಎಂಬ ಹಳೆಯ ಕ್ರಮವೇ ಉಳಿದಿದೆ. ಚಿತ್ರಗಳನ್ನೂ ಬಹುಪಾಲು ಪುಸ್ತಕವೇ ಬಿಡಿಸಿಕೊಟ್ಟಿದೆ.

ಮಕ್ಕಳೇ ಬಿಡಿಸಬಲ್ಲ ಚಿತ್ರ ಮನೆಬಾಗಿಲಲ್ಲೇ ಇದೆ. ಧನುರ್ಮಾಸದಲ್ಲಿ ಕಿಕ್ಕೇರಿಯ ಬೀದಿಗಳಲ್ಲಿ ನಡೆದರೆ ಚುಕ್ಕಿ ರಂಗೋಲಿಗಳನ್ನು ದಾಟದೆ ಹೋಗಲಾಗದು. ರಂಗೋಲಿ ಹಾಕುವವರು "ಏಳರಿಂದ ಒಂದು" ಎನ್ನುತ್ತಾರೆ: ನಡುಸಾಲಿಗೆ ಏಳು ಚುಕ್ಕಿ, ಮೇಲೂ ಕೆಳಗೂ ಇಳಿಯುತ್ತಾ ಒಂದಕ್ಕೆ ಮುಗಿಯಬೇಕು. ಇಳಿಸುವುದರಲ್ಲಿ ಎರಡು ಬಗೆಯಿದೆ. ಎರಡು ಚುಕ್ಕಿಗಳ ಸಂದಿಗೆ ಮುಂದಿನ ಸಾಲಿನ ಚುಕ್ಕಿ ಇಟ್ಟರೆ 7, 6, 5, 4, 3, 2, 1 ಎಂದು ಇಳಿಯುತ್ತದೆ. ಚುಕ್ಕಿಯ ನೇರಕ್ಕೆ ಚುಕ್ಕಿ ಇಟ್ಟು ಎರಡು ತುದಿಗಳಲ್ಲೂ ಒಂದೊಂದು ಬಿಟ್ಟರೆ 7, 5, 3, 1.

ಮೊದಲ ಬಗೆಯಲ್ಲಿ ಒಟ್ಟು ಚುಕ್ಕಿಗಳು ಎಷ್ಟು? 1 + 2 + 3 + 4 + 5 + 6 + 7 + 6 + 5 + 4 + 3 + 2 + 1. ಕೂಡುವ ಅಗತ್ಯವಿಲ್ಲ, ತಲೆಯನ್ನು ಸ್ವಲ್ಪ ಓರೆ ಮಾಡಿ ನೋಡಿದರೆ ಏಳು ಸಾಲು, ಸಾಲಿಗೆ ಏಳು ಚುಕ್ಕಿ. 49. ಎರಡನೆಯ ಬಗೆಯಲ್ಲಿ 1 + 3 + 5 + 7 + 5 + 3 + 1 = 25. ಇದನ್ನು ಕಂಡ ಕೂಡಲೇ ಮಕ್ಕಳು, "ಇದೂ ವರ್ಗಸಂಖ್ಯೆ, ಐದೈದಲ ಇಪ್ಪತ್ತೈದು" ಎನ್ನುತ್ತಾರೆ. ನೀವೂ ಹಾಗೆಂದುಕೊಂಡಿರಬಹುದು. ಹಾಗಿದ್ದರೆ "ಐದರಿಂದ ಒಂದು" ಇಟ್ಟು ನೋಡಿ: 1 + 3 + 5 + 3 + 1 = 13. "ಒಂಬತ್ತರಿಂದ ಒಂದು" ಇಟ್ಟರೆ 41. ಎರಡೂ ವರ್ಗಸಂಖ್ಯೆಗಳಲ್ಲ.

ಮತ್ತೆ ಚುಕ್ಕಿಗಳ ಬಳಿಗೇ ಹೋಗಬೇಕು. ಈ ಸಲ ಎರಡು ಬಣ್ಣ ತೆಗೆದುಕೊಳ್ಳಿ. ನಡುಸಾಲಿನ ಏಳು ಚುಕ್ಕಿಗಳನ್ನು ಕೆಂಪು, ಬಿಳಿ, ಕೆಂಪು, ಬಿಳಿ ಎಂದು ಬದಲಾಯಿಸುತ್ತಾ ಇಡಿ. ಮೇಲೆ ಕೆಳಗೆ ಇಡುವಾಗಲೂ ಪಕ್ಕಪಕ್ಕದಲ್ಲಿ ಒಂದೇ ಬಣ್ಣ ಬರಬಾರದು. ಮುಗಿದ ಮೇಲೆ ಓರೆಯಾಗಿ ನೋಡಿ. ಕೆಂಪು ಚುಕ್ಕಿಗಳು ನಾಲ್ಕು ನಾಲ್ಕಲ ಹದಿನಾರರ ಚೌಕವಾಗಿ ನಿಂತಿವೆ. ಅವುಗಳ ಸಂದಿಗಳಲ್ಲಿ ಬಿಳಿಯವು ಮೂರು ಮೂರಲ ಒಂಬತ್ತರ ಚೌಕವಾಗಿವೆ. 16 + 9 = 25. ಹಾಗೆಯೇ 13 ಎಂದರೆ 9 + 4, 41 ಎಂದರೆ 25 + 16. ಏಳರ ರಂಗೋಲಿಯಲ್ಲಿ 25 ಒಂದು ವರ್ಗವಾದದ್ದು ಆಕಸ್ಮಿಕ. ಮೂರು, ನಾಲ್ಕು, ಐದರ ಲಂಬಕೋನ ತ್ರಿಭುಜದ ಕೃಪೆ. ಒಂದೇ ಉದಾಹರಣೆಯಿಂದ ನಿಯಮ ಕಟ್ಟಿದರೆ ಏನಾಗುತ್ತದೆಂದು ತೋರಿಸಲು ಇದಕ್ಕಿಂತ ಅಗ್ಗದ ಉಪಕರಣ ನನಗೆ ಸಿಕ್ಕಿಲ್ಲ. ಗಂಡುಮಕ್ಕಳು ರಂಗೋಲಿ ಎಂದರೆ ಮೊದಮೊದಲು ಮೂಗು ಮುರಿಯುತ್ತಾರೆ. ಹೆಣ್ಣುಮಕ್ಕಳು ಎಣಿಸಿ ಮುಗಿಸಿದ್ದು ಕಂಡರೆ ತಾವೇ ಬಂದು ಕೂರುತ್ತಾರೆ.

ರಂಗೋಲಿಯಲ್ಲಿ ಗಣಿತ ಹುಡುಕುವುದನ್ನು ಹಗುರವಾಗಿ ಕಾಣಬೇಕಾಗಿಲ್ಲ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ ಮತ್ತು ಸಂಗಡಿಗರು 1970ರ ದಶಕದಲ್ಲಿ ತಮಿಳುನಾಡಿನ ಕೋಲಂಗಳು ಹಂತಹಂತವಾಗಿ ಬೆಳೆಯುವ ಬಗೆಯನ್ನು ಗಣಕ ವಿಜ್ಞಾನದ ವ್ಯಾಕರಣ ನಿಯಮಗಳಿಂದ ವಿವರಿಸಿದರು. ಅಂಗಳದ ಚುಕ್ಕಿಗಳು ಸಂಶೋಧನಾ ಪತ್ರಿಕೆಗಳನ್ನು ಸೇರಿದ್ದು ಹೀಗೆ.

ಹತ್ತನೆಯ ತರಗತಿಯ ಸಮಾಂತರ ಶ್ರೇಢಿಯ ಪಾಠದಲ್ಲಿ ಮಕ್ಕಳು ಮೊತ್ತದ ಸೂತ್ರವನ್ನು ಕಂಠಪಾಠ ಮಾಡುವುದನ್ನು ನೋಡಿದಾಗ, ಆಕಾರ ಕೈಬಿಟ್ಟುದರ ಬೆಲೆ ತಿಳಿಯುತ್ತದೆ. ನಮ್ಮ ಪರಂಪರೆಯಲ್ಲಿ ಸಂಖ್ಯೆಯ ಸಾಲು ಮತ್ತು ಆಕಾರ ಬೇರೆಬೇರೆಯಾಗಿರಲಿಲ್ಲ. 499ರಲ್ಲಿ ರಚನೆಯಾದ 'ಆರ್ಯಭಟೀಯ'ದಲ್ಲಿ 'ಚಿತಿಘನ' ಎಂಬ ಮಾತು ಬರುತ್ತದೆ. ಚಿತಿ ಎಂದರೆ ಪೇರಿಸಿದ ರಾಶಿ. ತುದಿಯಲ್ಲಿ 1, ಅದರ ಕೆಳಗೆ 3, ಅದರ ಕೆಳಗೆ 6 ಎಂದು ತ್ರಿಕೋನವಾಗಿ ಪೇರಿಸಿದ ರಾಶಿಯಲ್ಲಿ ಒಟ್ಟು ಎಷ್ಟಿವೆ ಎಂದು ಆರ್ಯಭಟ ಹೇಳುತ್ತಾನೆ. ಪದರಗಳ ಸಂಖ್ಯೆ, ಅದಕ್ಕಿಂತ ಒಂದು ಹೆಚ್ಚು, ಎರಡು ಹೆಚ್ಚು, ಈ ಮೂರರ ಗುಣಲಬ್ಧವನ್ನು ಆರರಿಂದ ಭಾಗಿಸಬೇಕು. ಐದು ಪದರಕ್ಕೆ 5 × 6 × 7 ÷ 6 = 35. ಹಣ್ಣಿನಂಗಡಿಯಲ್ಲಿ ಮೂಸಂಬಿ ಪೇರಿಸಿದ್ದನ್ನು ಎಣಿಸಿ ತಾಳೆ ನೋಡಬಹುದು. ಶ್ರೀಧರನು ಶ್ರೇಢಿಯನ್ನು ಕೆಳಗೆ ಕಿರಿದು, ಮೇಲೆ ಅಗಲವಾದ ಕ್ಷೇತ್ರವಾಗಿಯೇ ಕಂಡು ಅದಕ್ಕೆ ಶ್ರೇಢೀಕ್ಷೇತ್ರ ಎಂದ. ಅಂಥ ಎರಡು ಆಕಾರಗಳನ್ನು ತಲೆಕೆಳಗು ಮಾಡಿ ಜೋಡಿಸಿದರೆ ಒಂದು ಆಯತ. ಹತ್ತನೆಯ ತರಗತಿಯ ಸೂತ್ರ ಆ ಆಯತದ ಅರ್ಧ. ಕಿಕ್ಕೇರಿಯ ಬ್ರಹ್ಮೇಶ್ವರ ದೇವಾಲಯ 1171ರದು. ಅದೇ ಶತಮಾನದಲ್ಲಿ ರಾಜಾದಿತ್ಯ 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಎಂದು ಕನ್ನಡದಲ್ಲೇ ಗಣಿತ ಬರೆದ. ಕನ್ನಡದಲ್ಲಿ ಗಣಿತ ಬಿಡಿಸಿ ಹೇಳುವುದು ಕಷ್ಟ ಎನ್ನುವವರಿಗೆ ಇದನ್ನು ನೆನಪಿಸಬೇಕಾಗುತ್ತದೆ.

"ಇದೆಲ್ಲ ಸರಿ, ಪರೀಕ್ಷೆಯಲ್ಲಿ 16 ಎಂದೇ ಉತ್ತರವಿದ್ದರೆ ಮಕ್ಕಳ ಗತಿಯೇನು?" ಎಂದು ನೀವು ಕೇಳಬಹುದು. ಹಲವು ಸಹೋದ್ಯೋಗಿಗಳು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ನಾನು ಮಕ್ಕಳಿಗೆ ಉಳ್ಳದ್ದನ್ನು ಉಳ್ಳ ಹಾಗೆ ಹೇಳಿಬಿಡುತ್ತೇನೆ: ಇದು ಪರೀಕ್ಷೆಯ ರೂಢಿ, ಎಲ್ಲಕ್ಕಿಂತ ಸರಳವಾದ ನಿಯಮವನ್ನು ಅವರು ಬಯಸುತ್ತಾರೆ, ಕೊಟ್ಟ ನಾಲ್ಕು ಆಯ್ಕೆಗಳಲ್ಲಿ ಅದಕ್ಕೆ ಹೊಂದುವುದನ್ನು ಆರಿಸಿ. ರೂಢಿಯನ್ನು ರೂಢಿಯೆಂದೇ ತಿಳಿದ ಮಗು ಅಲ್ಲಿ ಸೋಲುವುದಿಲ್ಲ. ಅದನ್ನೇ ಗಣಿತವೆಂದು ನಂಬಿದ ಮಗು ಮುಂದೆ ಸೋಲುತ್ತದೆ. ಆದರೆ ಆಯ್ಕೆಗಳಲ್ಲಿ 14 ಮತ್ತು 16 ಎರಡೂ ಇದ್ದರೆ ಎಂಥ ಮಗುವೂ ಸಿಕ್ಕಿಬೀಳುತ್ತದೆ. ಪ್ರಶ್ನೆಪತ್ರಿಕೆ ತಯಾರಿಸುವವರು ಇದನ್ನು ತಪ್ಪಿಸುವುದು ಕಷ್ಟವಲ್ಲ. ಮೂರರ ಬದಲು ಐದಾರು ಪದಗಳನ್ನು ಕೊಡಬಹುದು. ಅದಕ್ಕಿಂತ ಒಳ್ಳೆಯದು, "ಪ್ರತಿ ಸಂಖ್ಯೆಯೂ ಹಿಂದಿನದರ ಎರಡರಷ್ಟು" ಎಂದು ನಿಯಮ ಕೊಟ್ಟು ಹತ್ತನೆಯ ಪದ ಕೇಳಬಹುದು, ಇಲ್ಲವೇ ಒಂದು ಚಿತ್ರ ಕೊಡಬಹುದು.

ಐದಾರು ಪದಗಳೂ ಸಾಲದಿರುವ ಉದಾಹರಣೆಯೊಂದಿದೆ. ಒಂದು ವೃತ್ತದ ಮೇಲೆ ಬಿಂದುಗಳನ್ನು ಗುರುತಿಸಿ, ಪ್ರತಿ ಬಿಂದುವನ್ನೂ ಉಳಿದೆಲ್ಲ ಬಿಂದುಗಳಿಗೆ ನೇರ ಗೆರೆಗಳಿಂದ ಸೇರಿಸಿ, ವೃತ್ತದ ಒಳಗಿನ ಭಾಗಗಳನ್ನು ಎಣಿಸಬೇಕು. ಒಂದು ಬಿಂದುವಿಗೆ 1 ಭಾಗ, ಎರಡಕ್ಕೆ 2, ಮೂರಕ್ಕೆ 4, ನಾಲ್ಕಕ್ಕೆ 8, ಐದಕ್ಕೆ 16. ಆರಕ್ಕೆ 32 ಬರುವುದಿಲ್ಲ. ಬಿಂದುಗಳನ್ನು ಸಮದೂರದಲ್ಲಿಟ್ಟರೆ ಮೂರು ಗೆರೆಗಳು ನಡುವೆ ಒಂದೇ ಕಡೆ ಕೂಡಿ 30 ಭಾಗಗಳಾಗುತ್ತವೆ. ಸ್ವಲ್ಪ ಏರುಪೇರಾಗಿ ಇಟ್ಟರೆ 31. ನಮ್ಮ ತರಗತಿಯಲ್ಲಿ ಇದನ್ನು ಮಾಡಿಸಿದ ದಿನ ಅರ್ಧದಷ್ಟು ಮಕ್ಕಳು ಎಣಿಸದೆಯೇ 32 ಎಂದು ಬರೆದು ಕೈಕಟ್ಟಿ ಕುಳಿತರು. ಬಳೆಯ ಹುಡುಗಿ ಮಾತ್ರ ಒಂದೊಂದು ಭಾಗಕ್ಕೂ ಅಂಕಿ ಹಾಕುತ್ತಾ ಹೋಗಿ, ಕೊನೆಗೆ ತಲೆಯೆತ್ತಿ, "ಒಂದು ಕಮ್ಮಿ ಬತ್ತದೆ ಸಾ, ಮತ್ತೆ ಎಣಿಸ್ಲಾ?" ಎಂದಳು.